ಹೆಗಲಿನ ಅರೆಹರಕು

ಸವಣೂರಿನ ಎಲೆತೋಟಗಳಲ್ಲಿ ವೀಳ್ಯದೆಲೆ ಕೊಯ್ಯುವವನ ಬಲಗೈ ದಿನವೊಂದರಲ್ಲಿ ಎಷ್ಟು ಸಲ ತಲೆಯ ಮಟ್ಟಕ್ಕಿಂತ ಮೇಲೆ ಏಳುವುದೆಂಬುದನ್ನು ಯಾರೂ ಎಣಿಸಿರಲಾರರು. ಹಾನಗಲ್ಲಿನ ಮಾವಿನ ತೋಪುಗಳಲ್ಲಿ ದೋಟಿ ಹಿಡಿದು ಕಾಯಿ ಇಳಿಸುವವನು, ಶಿಗ್ಗಾವಿಯಲ್ಲಿ ಹೊಸ ಮನೆಯ ಮಾಳಿಗೆಗೆ ಒಳಗಿನಿಂದ ಗಿಲಾವು ಬಳಿಯುವ ಗೌಂಡಿ, ಹಿರೇಕೆರೂರಿನಲ್ಲಿ ಮೆಕ್ಕೆಜೋಳದ ಚೀಲಗಳನ್ನು ಲಾರಿಗೆ ಏರಿಸುವ ಹಮಾಲ, ಇವರ ಕಸುಬುಗಳು ಬೇರೆಬೇರೆಯಾದರೂ, ಐವತ್ತರ ಹತ್ತಿರಕ್ಕೆ ಬರುವ ವೇಳೆಗೆ ಅವರಲ್ಲಿ ಅನೇಕರು ಹೇಳುವ ದೂರು ಒಂದೇ ಬಗೆಯದು. ಕೈಯನ್ನು ಪಕ್ಕದಿಂದ ಮೇಲಕ್ಕೆತ್ತುವಾಗ ಅರ್ಧ ದಾರಿಯಲ್ಲಿ ಛಳಕು ಬರುವುದು. ಅದನ್ನು ದಾಟಿ ಇನ್ನೂ ಮೇಲಕ್ಕೆ ಒಯ್ದರೆ ನೋವು ತುಸು ತಗ್ಗುವುದು. ರಾತ್ರಿ ಆ ಮಗ್ಗುಲಿಗೆ ಮಲಗಲಾಗದು. ಮನೆಯವರು ಇದನ್ನು ವಾಯುವೆನ್ನುವರು, ಎಣ್ಣೆ ಕಾಯಿಸಿ ತಿಕ್ಕುವರು.

ಹೆಗಲುನೋವುಗಳೆಲ್ಲವೂ ಒಂದೇ ಕಾರಣದಿಂದ ಬರತಕ್ಕವಲ್ಲ. ಆದರೆ ಅವುಗಳಲ್ಲಿ ಒಂದು ಕಾರಣವು ವೈದ್ಯನಿಗೆ ಮಾತ್ರವಲ್ಲದೆ ಭೌತಶಾಸ್ತ್ರದ ವಿದ್ಯಾರ್ಥಿಗೂ ಆಸಕ್ತಿಯನ್ನುಂಟುಮಾಡುವಂಥದು. ಹೆಗಲಿನ ಒಳಗೆ, ತೋಳಿನ ಮೂಳೆಯ ಗುಂಡನ್ನು ಅಪ್ಪಿಕೊಂಡಿರುವ ಪಟ್ಟಿಯೊಂದು ಪೂರ್ತಿಯಾಗಿ ಹರಿಯದೆ ಅರ್ಧಂಬರ್ಧ ಹರಿದಿರುತ್ತದೆ. ಪೂರ್ತಿ ಹರಿದಿದ್ದರೆ ಹೊಲಿಯಬೇಕೆಂದು ಯಾರಿಗಾದರೂ ತೋಚುವುದು. ಅರ್ಧ ಹರಿದದ್ದನ್ನು ಏನು ಮಾಡಬೇಕು? ಹಾಗೆಯೇ ಬಿಡಬೇಕೆ, ಅಂಚು ಸವರಬೇಕೆ, ಹೊಲಿಯಬೇಕೆ, ಅಥವಾ ಉಳಿದುದನ್ನೂ ಕತ್ತರಿಸಿ ಹೊಸದಾಗಿ ಹೊಲಿಯಬೇಕೆ? ಶಸ್ತ್ರವೈದ್ಯರು ಈ ಪ್ರಶ್ನೆಯನ್ನು ಇಂದಿಗೂ ಚರ್ಚಿಸುತ್ತಿರುವರು. ಅದನ್ನು ಅರಿಯಬೇಕಾದರೆ ಮೊದಲು ಹೆಗಲಿನ ಯಂತ್ರವನ್ನು ನೋಡಬೇಕು.

ನಮ್ಮ ದೇಹದ ದೊಡ್ಡ ಕೀಲುಗಳಲ್ಲಿ ಹೆಗಲಿನಷ್ಟು ಸ್ವತಂತ್ರವಾದುದು ಮತ್ತೊಂದಿಲ್ಲ. ಸೊಂಟದ ಕೀಲಿನಲ್ಲಿ ತೊಡೆಯ ಮೂಳೆಯ ಗುಂಡು ಆಳವಾದ ಬಟ್ಟಲಿನಲ್ಲಿ ಕುಳಿತಿರುವುದು. ಅದು ಭದ್ರ, ಆದರೆ ಅದರ ಚಲನೆಗೆ ಮಿತಿಯುಂಟು. ಹೆಗಲಿನಲ್ಲಿಯಾದರೋ ಬಟ್ಟಲಿನ ಬದಲು ಒಂದು ಸಣ್ಣ ತಟ್ಟೆ ಮಾತ್ರ ಇದೆ. ಗುಂಡಿನ ಮೇಲ್ಮೈಯ ಮೂರನೆಯ ಒಂದು ಭಾಗಕ್ಕಿಂತ ಹೆಚ್ಚು ಯಾವ ಹೊತ್ತಿನಲ್ಲಿಯೂ ತಟ್ಟೆಗೆ ತಾಗಿರುವುದಿಲ್ಲ. ತಟ್ಟೆಯನ್ನು ನಿಲ್ಲಿಸಿ ಅದಕ್ಕೆ ಒಂದು ಲಿಂಬೆಹಣ್ಣನ್ನು ಒತ್ತಿ ಹಿಡಿದಂತೆ ಇದರ ರಚನೆ. ಕೈಬಿಟ್ಟರೆ ಹಣ್ಣು ಜಾರುವುದು. ಜಾರದಂತೆ ಒತ್ತಿ ಹಿಡಿಯುವ ಕೆಲಸವನ್ನು ನಾಲ್ಕು ಸ್ನಾಯುಗಳು ಮಾಡುತ್ತವೆ. ಸುಪ್ರಾಸ್ಪೈನೇಟಸ್ ಮೇಲಿನಿಂದ, ಇನ್‌ಫ್ರಾಸ್ಪೈನೇಟಸ್ ಮತ್ತು ಟೀರಿಸ್ ಮೈನರ್ ಹಿಂದಿನಿಂದ, ಸಬ್‌ಸ್ಕ್ಯಾಪುಲಾರಿಸ್ ಮುಂದಿನಿಂದ ಬಂದು ತೋಳಿನ ಮೂಳೆಯ ತಲೆಗೆ ಅಂಟಿಕೊಳ್ಳುವುವು. ಸ್ನಾಯುವನ್ನು ಮೂಳೆಗೆ ಬಿಗಿಯುವ ನಾರಿನ ಹಗ್ಗಕ್ಕೆ ಕಂಡರವೆಂದು ಹೆಸರು. ಈ ನಾಲ್ಕು ಕಂಡರಗಳು ಕೊನೆಯಲ್ಲಿ ಒಂದರೊಡನೊಂದು ಹೆಣೆದುಕೊಂಡು, ಅಂಗಿಯ ತೋಳಿನ ತುದಿಯ ಪಟ್ಟಿಯು ಮಣಿಕಟ್ಟನ್ನು ಸುತ್ತುವಂತೆ ಮೂಳೆಯ ತಲೆಯನ್ನು ಸುತ್ತಿರುವುದರಿಂದ ಇಂಗ್ಲಿಷಿನಲ್ಲಿ ಇದನ್ನು ರೊಟೇಟರ್ ಕಫ್ ಎನ್ನುವರು. ನಾವು ಇಲ್ಲಿ ತಿರುಗುಪಟ್ಟಿ ಎಂದು ಕರೆಯೋಣ. ಇದಕ್ಕಿಂತ ಒಳ್ಳೆಯ ಹೆಸರು ವಾಚಕರಿಗೆ ಹೊಳೆದರೆ ಅದನ್ನೇ ಬಳಸಬಹುದು.

ಕೈಯನ್ನೆತ್ತುವ ದೊಡ್ಡ ಸ್ನಾಯು ಬೇರೆಯೇ ಇದೆ. ಹೆಗಲಿನ ಹೊರಗಡೆ ಮುಕ್ಕೋನವಾಗಿ ಉಬ್ಬಿ ಕಾಣುವ ಡೆಲ್ಟಾಯ್ಡ್ ಎಂಬುದೇ ಅದು. ಬಾವಿಯ ನೀರೆತ್ತುವ ಯಾತವನ್ನು ನೋಡಿದವರಿಗೆ ಸನ್ನೆಯ ತತ್ತ್ವ ತಿಳಿದೇ ಇರುವುದು: ಆನಿಕೆಯಿಂದ ದೂರವಿರುವ ಸಣ್ಣ ಭಾರವನ್ನು ಎತ್ತಲು ಆನಿಕೆಯ ಬಳಿಯಲ್ಲಿ ದೊಡ್ಡ ಬಲ ಬೇಕು. ಅರವತ್ತು ಕಿಲೋಗ್ರಾಂ ತೂಗುವ ಒಬ್ಬಾತನ ಒಂದು ತೋಳು ಸುಮಾರು ಮೂರು ಕಿಲೋಗ್ರಾಂ ಇರುವುದು. ತೋಳನ್ನು ಪಕ್ಕಕ್ಕೆ ನೇರವಾಗಿ ಚಾಚಿದಾಗ ಅದರ ಗುರುತ್ವಕೇಂದ್ರವು ಕೀಲಿನಿಂದ ಸುಮಾರು ೩೦ ಸೆಂಟಿಮೀಟರ್ ದೂರದಲ್ಲಿರುತ್ತದೆ. ಸ್ನಾಯುವಿನ ಎಳೆತದ ರೇಖೆಯಾದರೋ ಕೀಲಿನ ಕೇಂದ್ರದಿಂದ ಸುಮಾರು ೩ ಸೆಂಟಿಮೀಟರ್ ದೂರದಲ್ಲಿ ಮಾತ್ರ ಹಾಯುವುದು. ಆದುದರಿಂದ ಬರಿಗೈಯನ್ನು ಚಾಚಿ ಹಿಡಿಯಲು ಸ್ನಾಯುಗಳು ಮೂವತ್ತು ಕಿಲೋಗ್ರಾಂ ಭಾರಕ್ಕೆ ಸಮನಾದ ಬಲದಿಂದ ಎಳೆಯಬೇಕು. ಅಂಗೈಯಲ್ಲಿ, ಅಂದರೆ ಕೀಲಿನಿಂದ ೬೦ ಸೆಂಟಿಮೀಟರ್ ದೂರದಲ್ಲಿ, ಎರಡು ಕಿಲೋಗ್ರಾಮಿನ ಎಲೆಯ ಕಟ್ಟೊಂದನ್ನು ಹಿಡಿದರೆ ಮತ್ತೆ ನಲವತ್ತು ಸೇರಿ ಎಳೆತ ಎಪ್ಪತ್ತಕ್ಕೆ ಏರುವುದು. ಎರಡು ಕಿಲೋಗ್ರಾಂ ಎತ್ತಿದೆನೆಂದು ನಾವು ತಿಳಿದಿರುವಾಗ ಹೆಗಲು ಒಬ್ಬ ಮನುಷ್ಯನನ್ನು ಎತ್ತುವಷ್ಟು ದುಡಿಯುತ್ತಿರುವುದು.

ಇಷ್ಟೇ ಆಗಿದ್ದರೆ ತಿರುಗುಪಟ್ಟಿಗೆ ತೊಂದರೆಯಿರಲಿಲ್ಲ. ಆದರೆ ಕೈ ಇನ್ನೂ ಕೆಳಗಿರುವಾಗ ಡೆಲ್ಟಾಯ್ಡ್ ಸ್ನಾಯುವಿನ ಎಳೆತವು ಬಹುಮಟ್ಟಿಗೆ ತೋಳಿನ ಮೂಳೆಯ ಉದ್ದಕ್ಕೇ ಇರುವುದರಿಂದ, ಅದು ತೋಳನ್ನು ತಿರುಗಿಸುವುದಕ್ಕಿಂತ ಹೆಚ್ಚಾಗಿ ಗುಂಡನ್ನು ತಟ್ಟೆಯ ಮೇಲೆ ಮೇಲಕ್ಕೆ ಜಾರಿಸಲು ನೋಡುವುದು. ಗುಂಡಿನ ಮೇಲ್ಗಡೆ, ಒಂದು ಬೆರಳಿನಷ್ಟು ಅಂತರದಲ್ಲಿ, ಹೆಗಲೆಲುಬಿನ ಒಂದು ಚಾಚು ಚಾವಣಿಯಂತೆ ಹರಡಿದೆ. ತಿರುಗುಪಟ್ಟಿಯು ಗುಂಡನ್ನು ತಟ್ಟೆಗೆ ಒತ್ತಿ ಹಿಡಿದು ಕೆಳಕ್ಕೂ ಎಳೆಯುವುದರಿಂದಲೇ ಅದು ಚಾವಣಿಗೆ ಬಡಿಯದೆ ಇದ್ದಲ್ಲಿಯೇ ಉರುಳುವುದು. ಒಬ್ಬನು ಏಣಿಯನ್ನು ಮೇಲಕ್ಕೆತ್ತುವಾಗ ಮತ್ತೊಬ್ಬನು ಅದರ ಬುಡವನ್ನು ಕಾಲಿನಿಂದ ಒತ್ತಿ ಹಿಡಿದಿರುವನಷ್ಟೆ. ಆ ಎರಡನೆಯವನು ಕಣ್ಣಿಗೆ ಬೀಳದಿದ್ದರೂ ಅವನು ಕಾಲು ತೆಗೆದರೆ ಏಣಿ ಏಳದು.

ಹರಕು ಸಾಮಾನ್ಯವಾಗಿ ಮೊದಲಾಗುವುದು ಮೇಲಿನ ಸುಪ್ರಾಸ್ಪೈನೇಟಸ್ ಕಂಡರದಲ್ಲಿ, ಅದು ಮೂಳೆಗೆ ಅಂಟುವ ಸ್ಥಳದ ಸಮೀಪದಲ್ಲಿ. ಅಲ್ಲಿಗೆ ರಕ್ತದ ಪೂರೈಕೆ ಸಾಲದೆಂದು ಬಹಳ ಹಿಂದಿನಿಂದಲೂ ವೈದ್ಯರು ಹೇಳುತ್ತ ಬಂದಿರುವರು. ವಯಸ್ಸಾದಂತೆ ನಾರುಗಳು ತಮ್ಮ ಓರಣವನ್ನು ಕಳೆದುಕೊಂಡು ಸವೆಯುವುವು. ಕಂಡರವು ಮೂಳೆಗೆ ಅಂಟಿರುವ ಜಾಗದ ಅಗಲ ಸುಮಾರು ೧೨ ಮಿಲಿಮೀಟರ್. ಇದರಲ್ಲಿ ಕೆಲವು ಮಿಲಿಮೀಟರಿನಷ್ಟು ನಾರುಗಳು ಕಿತ್ತುಬಂದು ಉಳಿದವು ಅಂಟಿಕೊಂಡೇ ಇದ್ದರೆ ಅದೇ ಅರೆಹರಕು. ಅದು ಕೀಲಿನ ಒಳಮೈಯಲ್ಲಿರಬಹುದು, ಚಾವಣಿಯ ಕಡೆಯ ಹೊರಮೈಯಲ್ಲಿರಬಹುದು, ಅಥವಾ ಎರಡೂ ಮೈ ಸರಿಯಾಗಿದ್ದು ಒಳಪದರದಲ್ಲಿ ಸೀಳಿರಬಹುದು. ಒಳಮೈಯ ನಾರುಗಳು ಹೊರಮೈಯವಕ್ಕಿಂತ ದುರ್ಬಲವಾದುದರಿಂದ ಅಲ್ಲಿಯ ಹರಕುಗಳೇ ಹೆಚ್ಚು. ಬಾಸ್ಟನ್ನಿನ ಶಸ್ತ್ರವೈದ್ಯ ಅರ್ನೆಸ್ಟ್ ಅಮೋರಿ ಕಾಡ್‌ಮನ್ನನು ೧೯೩೪ರಲ್ಲಿ ಪ್ರಕಟಿಸಿದ ಹೆಗಲಿನ ಮೇಲಿನ ದೊಡ್ಡ ಗ್ರಂಥದಲ್ಲಿಯೇ ಇವುಗಳನ್ನು ‘ಅಂಚಿನ ಹರಕು’ಗಳೆಂದು ವರ್ಣಿಸಿರುವನು. ಈ ಮಹಾಶಯನ ಹೆಸರು ಮುಂದೆಯೂ ಬರುವುದು.

ಅರೆಹರಕು ಬೆಳೆಯುವುದೇ? ಇಲ್ಲಿ ಬಟ್ಟೆಯಂಗಡಿಯ ಒಂದು ನೋಟ ನೆರವಾಗುವುದು. ವ್ಯಾಪಾರಿಯು ಥಾನಿನಿಂದ ಬಟ್ಟೆಯನ್ನು ಕೊಡುವಾಗ ಕತ್ತರಿಯಿಂದ ಅಂಚಿನಲ್ಲಿ ಒಂದು ಕಚ್ಚು ಮಾತ್ರ ಮಾಡಿ, ಎರಡೂ ಕೈಗಳಿಂದ ಜಗ್ಗಿ ಸರ್ರನೆ ಹರಿಯುವನು. ಕಚ್ಚು ಇಲ್ಲದೆ ಎಷ್ಟು ಜಗ್ಗಿದರೂ ಹರಿಯದ ಬಟ್ಟೆಯು ಕಚ್ಚು ಬಿದ್ದೊಡನೆ ಹರಿಯುವುದೇಕೆ? ಅಗಲದ ಮೇಲೆಲ್ಲ ಹಂಚಿಹೋಗುತ್ತಿದ್ದ ಎಳೆತವು ಕಚ್ಚಿನ ತುದಿಯ ಒಂದೆರಡು ಎಳೆಗಳ ಮೇಲೆ ಬಂದು ಕೂಡುವುದರಿಂದ. ಆ ಎಳೆ ಕಡಿದರೆ ಭಾರ ಮುಂದಿನದಕ್ಕೆ. ೧೯೨೧ರಲ್ಲಿ ಗ್ರಿಫಿತ್ ಎಂಬ ಇಂಜಿನಿಯರನು ಗಾಜು ತನ್ನ ಲೆಕ್ಕದ ಬಲಕ್ಕಿಂತ ಎಷ್ಟೋ ಕಡಿಮೆ ಎಳೆತಕ್ಕೆ ಒಡೆಯುವುದೇಕೆಂಬುದನ್ನು ಇಂಥ ಸೂಕ್ಷ್ಮ ಬಿರುಕುಗಳಿಂದಲೇ ವಿವರಿಸಿದನು. ಆದರೆ ಕಂಡರವು ಗಾಜಲ್ಲ. ಹುರಿಹಗ್ಗದಲ್ಲಿ ಒಂದು ಎಳೆ ಕಡಿದರೆ ಪಕ್ಕದ ಎಳೆಗೆ ಬಿರುಕು ಹರಡುವುದಿಲ್ಲ. ಉಳಿದವು ಭಾರವನ್ನು ಹಂಚಿಕೊಳ್ಳುವುವು. ಕಂಡರದ ನಡತೆ ಇವೆರಡರ ನಡುವಣದು. ಅದರಲ್ಲಿ ಬೇರೆಬೇರೆ ದಿಕ್ಕಿಗೆ ಹಾಯ್ದ ನಾರಿನ ಪದರಗಳಿವೆ. ಅವು ಒಂದಕ್ಕೊಂದು ಅಂಟಿಕೊಂಡೂ ಇವೆ. ಅರ್ಧ ನಾರು ಹೋದರೆ ಉಳಿದ ಪ್ರತಿ ಚದರ ಮಿಲಿಮೀಟರಿನ ಮೇಲೆ ಎಳೆತ ಇಮ್ಮಡಿಯಾಗುವುದಂತೂ ನಿಜ. ಹೀಗಾಗಿ ಕೆಲವು ಅರೆಹರಕುಗಳು ವರ್ಷಗಟ್ಟಲೆ ಇದ್ದಂತೆಯೇ ಇರುವುವು, ಕೆಲವು ನಿಧಾನವಾಗಿ ಹಿಗ್ಗುವುವು, ಕೆಲವು ಪೂರ್ತಿ ಹರಿಯುವುವು. ತಾವಾಗಿಯೇ ಮತ್ತೆ ಕೂಡಿಕೊಳ್ಳುವುದು ಅಪರೂಪ.

ಇನ್ನೊಂದು ಸಂಗತಿಯನ್ನು ಇಲ್ಲಿಯೇ ಹೇಳಬೇಕು. ಏಕೆಂದರೆ ಇಡೀ ವಿಷಯದ ಗಂಟು ಇಲ್ಲಿದೆ. ಹರಕು ಇದ್ದ ಮಾತ್ರಕ್ಕೆ ನೋವು ಇರಲೇಬೇಕೆಂದಿಲ್ಲ. ೧೯೯೫ರಲ್ಲಿ ಅಮೆರಿಕದಲ್ಲಿ ಹೆಗಲಿನ ಬಗ್ಗೆ ಯಾವ ದೂರೂ ಇಲ್ಲದ ೯೬ ಮಂದಿಯ ಹೆಗಲುಗಳನ್ನು ಕಾಂತೀಯ ಚಿತ್ರಣದಿಂದ ಪರೀಕ್ಷಿಸಿದರು. ಅವರಲ್ಲಿ ನೂರಕ್ಕೆ ಇಪ್ಪತ್ತು ಮಂದಿಗೆ ಅರೆಹರಕೂ ಹದಿನೈದು ಮಂದಿಗೆ ಪೂರ್ತಿ ಹರಕೂ ಇದ್ದುವು. ಅರವತ್ತು ದಾಟಿದವರಲ್ಲಿ ಅರ್ಧಕ್ಕಿಂತ ಹೆಚ್ಚು ಜನರಿಗೆ ಯಾವುದಾದರೊಂದು ಬಗೆಯ ಹರಕಿತ್ತು. ಇವರೆಲ್ಲರೂ ನೋವಿಲ್ಲದೆ ಕೈಯೆತ್ತುತ್ತಿದ್ದವರೇ. ಆದುದರಿಂದ ಚಿತ್ರದಲ್ಲಿ ಹರಕು ಕಂಡೊಡನೆ ಅದೇ ನೋವಿನ ಮೂಲವೆಂದು ನಿಶ್ಚಯಿಸಿ ಶಸ್ತ್ರವನ್ನು ಕೈಗೆತ್ತಿಕೊಳ್ಳುವುದು ಸರಿಯಲ್ಲ. ತಲೆ ನರೆತುದನ್ನು ನೋಡಿ ತಲೆನೋವಿನ ಕಾರಣ ಸಿಕ್ಕಿತೆಂದಂತೆ ಆಗುವುದು.

ಆ ಚಿತ್ರಗಳನ್ನು ತೆಗೆಯುವ ಬಗೆಯನ್ನು ಎರಡು ಮಾತಿನಲ್ಲಿ ಹೇಳಿಬಿಡೋಣ. ಕ್ಷ-ಕಿರಣಕ್ಕೆ ಮೂಳೆ ಕಾಣುವುದೇ ಹೊರತು ಕಂಡರ ಕಾಣದು. ಶ್ರವಣಾತೀತ ಧ್ವನಿಯಿಂದ ಕಾಣುವುದು. ಸೆಕೆಂಡಿಗೆ ಒಂದು ಕೋಟಿ ಕಂಪನಗಳುಳ್ಳ ಧ್ವನಿಯು ಮಾಂಸದಲ್ಲಿ ಸೆಕೆಂಡಿಗೆ ೧೫೪೦ ಮೀಟರ್ ವೇಗದಿಂದ ಹೋಗುವುದಾದರೆ ಅದರ ತರಂಗದ ಉದ್ದ ೦.೧೫ ಮಿಲಿಮೀಟರಿನಷ್ಟಾಗುವುದೆಂಬುದನ್ನು ವಾಚಕರು ತಾವೇ ಭಾಗಿಸಿ ನೋಡಬಹುದು. ಒಂದೆರಡು ಮಿಲಿಮೀಟರಿನ ಹರಕನ್ನು ತೋರಿಸಲು ಅಷ್ಟು ನುಣುಪು ಸಾಕು. ಕಾಂತೀಯ ಚಿತ್ರಣದಲ್ಲಿ ಮೈಯೊಳಗಿನ ಜಲಜನಕದ ಬೀಜಗಳು ಪ್ರಬಲವಾದ ಕಾಂತಕ್ಷೇತ್ರದಲ್ಲಿ ರೇಡಿಯೋ ತರಂಗಕ್ಕೆ ಮಾರ್ನುಡಿಯುವುವು. ಕ್ಷೇತ್ರವು ೧.೫ ಟೆಸ್ಲಾ ಇದ್ದರೆ ಆ ತರಂಗದ ಕಂಪನ ಸೆಕೆಂಡಿಗೆ ಸುಮಾರು ೬.೪ ಕೋಟಿ. ಆ ಕ್ಷೇತ್ರವು ನಮ್ಮೂರಿನಲ್ಲಿ ದಿಕ್ಸೂಚಿಯನ್ನು ತಿರುಗಿಸುವ ಭೂಕಾಂತದ ಮೂವತ್ತೈದು ಸಾವಿರ ಮಡಿಗಿಂತಲೂ ಹೆಚ್ಚು. ಒಳ್ಳೆಯ ಕಂಡರವು ಈ ಚಿತ್ರದಲ್ಲಿ ಕಪ್ಪಾಗಿ ಕಾಣುವುದು. ಹರಕಿನಲ್ಲಿ ದ್ರವ ತುಂಬಿದ್ದರೆ ಅಲ್ಲಿ ಬೆಳ್ಳಗೆ ಹೊಳೆಯುವುದು.

ಅರೆಹರಕಿಗೆ ಮೊದಲ ಚಿಕಿತ್ಸೆ ಶಸ್ತ್ರವಲ್ಲ. ಮೂರರಿಂದ ಆರು ತಿಂಗಳವರೆಗೆ ಕೈಯನ್ನು ತಲೆಯ ಮೇಲೆತ್ತುವ ಕೆಲಸವನ್ನು ತಗ್ಗಿಸಿ, ನೋವಿಗೆ ಔಷಧ ಕೊಟ್ಟು, ಕ್ರಮವಾದ ವ್ಯಾಯಾಮವನ್ನು ಮಾಡಿಸುವರು. ವ್ಯಾಯಾಮದಿಂದ ಹರಿದ ನಾರು ಬೆಸೆಯುವುದೇನೂ ಇಲ್ಲ. ಆದರೆ ಪಟ್ಟಿಯ ಉಳಿದ ಮೂರು ಸ್ನಾಯುಗಳೂ ಹೆಗಲೆಲುಬನ್ನು ಹಿಡಿದಿರುವ ಸ್ನಾಯುಗಳೂ ಬಲಗೊಂಡು ಗುಂಡನ್ನು ತಟ್ಟೆಯ ನಡುವಿನಲ್ಲಿ ನಿಲ್ಲಿಸುವ ಹೊಣೆಯನ್ನು ಹೊತ್ತುಕೊಳ್ಳುವುವು. ಬಹಳ ಮಂದಿಗೆ ಇಷ್ಟರಿಂದಲೇ ಗುಣವಾಗುವುದು. ಕೀಲಿನ ಬಳಿ ಸ್ಟೀರಾಯ್ಡ್ ಔಷಧವನ್ನು ಚುಚ್ಚಿದರೆ ಕೆಲವು ವಾರ ನೋವು ತಗ್ಗುವುದುಂಟು. ಪದೇ ಪದೇ ಚುಚ್ಚಿಸಿಕೊಂಡರೆ ಕಂಡರವೇ ದುರ್ಬಲವಾಗುವುದೆಂಬ ಭಯವಿದೆ. ನಮ್ಮ ಕಡೆ ಇನ್ನೊಂದು ರೂಢಿಯುಂಟು: ನಾಟಿ ಕಟ್ಟು ಕಟ್ಟಿಸಿ ಕೈಯನ್ನು ವಾರಗಟ್ಟಲೆ ಎದೆಗೆ ಬಿಗಿದುಬಿಡುವುದು. ಮುರಿದ ಮೂಳೆಗೆ ಸಲ್ಲುವ ಈ ಉಪಾಯವು ಅರೆಹರಕಿಗೆ ಸಲ್ಲದು. ಅಲುಗಾಡದ ಹೆಗಲು ಬಿರುಸಾಗಿ, ಕಟ್ಟು ಬಿಚ್ಚಿದ ಮೇಲೆ ಏಳುವುದೇ ಇಲ್ಲ. ಸಿಹಿಮೂತ್ರರೋಗವಿರುವವರಲ್ಲಿ ಈ ಅಪಾಯ ಇನ್ನೂ ಹೆಚ್ಚು.

ಇದಕ್ಕೆ ಒಂದು ಹೊರತುಂಟು. ದೀಪಾವಳಿಯ ಬಳಿಕ ನಮ್ಮ ಹಾವೇರಿ ಜಿಲ್ಲೆಯ ಊರೂರುಗಳಲ್ಲಿ ಹೋರಿ ಬೆದರಿಸುವ ಹಬ್ಬ ನಡೆಯುವುದು ಎಲ್ಲರಿಗೂ ತಿಳಿದದ್ದೇ. ಓಡುವ ಹೋರಿಯ ಕೊರಳಿಗೆ ಕೈಹಾಕಿದವನ ತೋಳು ಒಂದು ಕ್ಷಣದಲ್ಲಿ ಜಗ್ಗಿಹೋಗುವುದು. ವೇಗದ ಬದಲಾವಣೆಗೆ ಸಿಗುವ ಕಾಲ ಕಿರಿದಾದಷ್ಟೂ ಬಲ ಹಿರಿದಾಗುವುದೆಂಬ ನ್ಯೂಟನ್ನನ ಪಾಠ ಅಲ್ಲಿ ಹೆಗಲಿನ ಮೇಲೆ ನಡೆಯುವುದು. ಇಂಥ ಜಗ್ಗಿನ ಮರುದಿನ ಕೈಯನ್ನು ತಾನಾಗಿ ಎತ್ತಲಾಗದಿದ್ದರೆ, ಅದು ಸವೆತದ ಅರೆಹರಕಾಗಿರದೆ ಒಂದೇ ಪೆಟ್ಟಿಗೆ ಆದ ಪೂರ್ತಿ ಹರಕಾಗಿರಬಹುದು. ಅಲ್ಲಿ ತಿಂಗಳುಗಟ್ಟಲೆ ಕಾಯುವುದು ತಪ್ಪು. ಸ್ನಾಯು ಹಿಂದಕ್ಕೆ ಸರಿದು ಕೊಬ್ಬಾಗಿ ಮಾರ್ಪಟ್ಟ ಮೇಲೆ ಹೊಲಿಯುವುದು ಕಷ್ಟ.

ವ್ಯಾಯಾಮದಿಂದ ಆರು ತಿಂಗಳಾದರೂ ನೋವು ಬಿಡದಿದ್ದರೆ ಶಸ್ತ್ರವೈದ್ಯನ ಸರದಿ ಬರುವುದು. ಶಿಗ್ಗಾವಿ ಸವಣೂರುಗಳವರಿಗೆ ಹುಬ್ಬಳ್ಳಿಯು ಹತ್ತಿರ. ೧೯೫೭ರಲ್ಲಿ ಆರಂಭವಾದ ಅಲ್ಲಿಯ ಸರಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆಯನ್ನು ಈ ಸೀಮೆಯವರು ಮೂರು ತಲೆಮಾರುಗಳಿಂದ ಬಲ್ಲರು. ಹಿರೇಕೆರೂರಿನವರು ದಾವಣಗೆರೆಗೋ ಶಿವಮೊಗ್ಗಕ್ಕೋ ಹೋಗುವರು. ಹಿಂದೆ ಹೆಗಲಿನ ಶಸ್ತ್ರಕ್ರಿಯೆಯೆಂದರೆ ಡೆಲ್ಟಾಯ್ಡ್ ಸ್ನಾಯುವನ್ನು ಬಿಡಿಸಿ ಕೀಲನ್ನು ತೆರೆಯಬೇಕಾಗಿತ್ತು. ಕಾಡ್‌ಮನ್ನನು ೧೯೦೯ರಲ್ಲಿ ಹರಿದ ಕಂಡರವನ್ನು ಹೊಲಿದುದು ಹೀಗೆಯೇ. ಈಗ ಬಹುಮಟ್ಟಿಗೆ ಕೀಲುದರ್ಶಕದ ಮೂಲಕ, ಒಂದೊಂದೂ ಒಂದು ಸೆಂಟಿಮೀಟರಿಗಿಂತ ಕಿರಿದಾದ ಮೂರು ನಾಲ್ಕು ರಂಧ್ರಗಳಿಂದ ಕೆಲಸ ನಡೆಯುವುದು. ಈ ಉಪಕರಣದ ಕಥೆ ಸ್ವಾರಸ್ಯವಾದುದು. ಟೋಕಿಯೋವಿನ ಕೆಂಜಿ ತಕಾಗಿಯು ೧೯೧೮ರಲ್ಲಿ ಮೂತ್ರಕೋಶವನ್ನು ನೋಡುವ ನಳಿಗೆಯನ್ನು ಶವವೊಂದರ ಮೊಣಕಾಲಿನೊಳಗೆ ಹೊಗಿಸಿ ಇಣಿಕಿದನು. ಆಗಿನ ನಳಿಗೆಗಳ ತುದಿಯಲ್ಲಿ ಸಣ್ಣ ಬಲ್ಬು ಇರುತ್ತಿತ್ತು. ಅದು ಕೀಲಿನೊಳಗೇ ಒಡೆಯುವ ಭಯ ಬೇರೆ. ೧೯೫೪ರಲ್ಲಿ ಹೆರಾಲ್ಡ್ ಹಾಪ್‌ಕಿನ್ಸ್ ಮತ್ತು ಪಂಜಾಬಿನ ಮೊಗಾದಲ್ಲಿ ಹುಟ್ಟಿದ ನರಿಂದರ್ ಸಿಂಗ್ ಕಪಾನಿ ಇವರು ಗಾಜಿನ ಎಳೆಗಳ ಕಟ್ಟಿನ ಮೂಲಕ ಚಿತ್ರವನ್ನು ಸಾಗಿಸಿ ತೋರಿಸಿದರು. ಗಾಜಿನ ಎಳೆಯೊಳಗೆ ಬೆಳಕು ಪೂರ್ಣಾಂತರಿಕ ಪ್ರತಿಫಲನದಿಂದ ಬಾಗಿ ಬಾಗಿ ಸಾಗುವುದನ್ನು ಕಾಲೇಜಿನ ವಿದ್ಯಾರ್ಥಿಗಳು ಓದಿಯೇ ಇರುವರು. ದೀಪವು ಹೊರಗೆ, ಬೆಳಕು ಮಾತ್ರ ಒಳಗೆ. ಇಂದಿನ ಹೆಗಲಿನ ದರ್ಶಕವು ಸುಮಾರು ನಾಲ್ಕು ಮಿಲಿಮೀಟರ್ ದಪ್ಪದ ನಳಿಗೆ. ಅದರ ಮಸೂರವು ಮೂವತ್ತು ಡಿಗ್ರಿ ಓರೆಯಾಗಿ ನೋಡುವುದರಿಂದ, ನಳಿಗೆಯನ್ನು ಇದ್ದಲ್ಲಿಯೇ ತಿರುಗಿಸಿದರೆ ಮೂಲೆಮೂಲೆಯೂ ಕಾಣುವುದು.

ರೋಗಿಗೆ ಸಾಮಾನ್ಯವಾಗಿ ಮೂರ್ಛೌಷಧವನ್ನೂ, ಕುತ್ತಿಗೆಯ ಬುಡದಲ್ಲಿ ತೋಳಿನ ನರಗಳನ್ನು ಮಂಕುಮಾಡುವ ಚುಚ್ಚುಮದ್ದನ್ನೂ ಕೊಟ್ಟು, ಒರಗುಕುರ್ಚಿಯಲ್ಲಿ ಕುಳಿತಂತೆಯೋ ಪಕ್ಕಕ್ಕೆ ಮಲಗಿದಂತೆಯೋ ಇರಿಸುವರು. ಕೀಲಿನೊಳಕ್ಕೆ ಉಪ್ಪುನೀರನ್ನು ಹಾಯಿಸಿ ಉಬ್ಬಿಸುವರು. ಇದರಿಂದ ಎರಡು ಲಾಭ: ನೋಡಲು ಅವಕಾಶವಾಗುವುದು, ರಕ್ತ ಒಸರುವುದು ನಿಲ್ಲುವುದು. ನೀರಿನ ಚೀಲವನ್ನು ಹೆಗಲಿಗಿಂತ ಒಂದು ಮೀಟರ್ ಎತ್ತರದಲ್ಲಿ ತೂಗಹಾಕಿದರೆ ಒಳಗಿನ ಒತ್ತಡವು ಪಾದರಸದ ಸುಮಾರು ೭೪ ಮಿಲಿಮೀಟರ್ ಕಂಬಕ್ಕೆ ಸಮವಾಗುವುದು. ಸಣ್ಣ ರಕ್ತನಾಳಗಳನ್ನು ಅದುಮಲು ಇಷ್ಟು ಸಾಕು. ಈಗ ಪಂಪುಗಳೂ ಇವೆ, ತತ್ತ್ವ ಒಂದೇ.

ಮೊದಲು ಕೀಲಿನ ಒಳಗಿನಿಂದ ನೋಡುವರು. ಕಿತ್ತುಹೋದ ನಾರುಗಳು ನೀರಿನಲ್ಲಿ ಹತ್ತಿಯ ಎಳೆಗಳಂತೆ ತೇಲಾಡುತ್ತಿರುವುವು. ಆದರೆ ಅದೇ ಕಂಡರದ ಹೊರಮೈಯನ್ನು ನೋಡಬೇಕಾದರೆ ನಳಿಗೆಯನ್ನು ಹೊರತೆಗೆದು ಚಾವಣಿಯ ಕೆಳಗೆ ಹೊಗಿಸಬೇಕು. ಆಗ ಒಳಗೆ ಕಂಡ ಸ್ಥಳ ಹೊರಗಡೆ ಎಲ್ಲಿದೆಯೆಂದು ತಿಳಿಯುವುದು ಹೇಗೆ? ಇದಕ್ಕೆ ಶಸ್ತ್ರವೈದ್ಯರ ಉಪಾಯ ಸರಳವಾದುದು. ಚರ್ಮದ ಮೇಲಿನಿಂದ ಸೂಜಿಯೊಂದನ್ನು ಹರಕಿನ ಮೂಲಕ ಒಳಕ್ಕೆ ಚುಚ್ಚಿ, ಅದರೊಳಗಿನಿಂದ ಒಂದು ಬಣ್ಣದ ದಾರವನ್ನು ಇಳಿಬಿಟ್ಟು ಸೂಜಿಯನ್ನು ತೆಗೆಯುವರು. ಹೊರಗಡೆ ಹೋಗಿ ನೋಡಿದಾಗ ಆ ದಾರ ಕಂಡಲ್ಲಿಯೇ ಹರಕಿನ ನೆತ್ತಿ. ಸಿಂಪಿಗನೂ ಬಟ್ಟೆಯ ಒಳಮೈಯ ತೂತನ್ನು ಹೊರಮೈಯಲ್ಲಿ ಗುರುತಿಸಲು ಇದನ್ನೇ ಮಾಡಿಯಾನು. ಹೊರಮೈ ಸರಿಯಾಗಿದ್ದರೆ ಒಳಮೈಯದು ಅರೆಹರಕೆಂಬುದು ಖಚಿತವಾಗುವುದು.

ಬಳಿಕ ಯಂತ್ರದ ಸಣ್ಣ ಕತ್ತಿಯಿಂದ ಸತ್ತ ನಾರನ್ನು ಸವರಿ ತೆಗೆದು, ಕಂಡರವು ಕಿತ್ತುಬಂದ ಮೂಳೆಯ ಜಾಗ ಎಷ್ಟು ಅಗಲ ಬರಿದಾಗಿದೆಯೆಂದು, ಅಳತೆ ಗೊತ್ತಿರುವ ಕೊಕ್ಕೆಯಿಂದ ಅಳೆಯುವರು. ಹಾರ್ವರ್ಡ್ ಎಲ್‌ಮನ್ ಎಂಬ ವೈದ್ಯನು ೧೯೯೦ರಲ್ಲಿ ಇದಕ್ಕೊಂದು ವರ್ಗೀಕರಣವನ್ನು ಕೊಟ್ಟನು. ಹರಕಿನ ಆಳ ೩ ಮಿಲಿಮೀಟರಿಗಿಂತ ಕಡಿಮೆಯಿದ್ದರೆ ಮೊದಲ ದರ್ಜೆ, ೩ರಿಂದ ೬ರವರೆಗೆ ಎರಡನೆಯದು, ೬ನ್ನು ಮೀರಿದರೆ ಮೂರನೆಯದು. ಕಂಡರದ ಅಂಟುಜಾಗ ೧೨ ಮಿಲಿಮೀಟರ್ ಎಂದು ಮೇಲೆ ಹೇಳಿದೆವಷ್ಟೆ. ಆದುದರಿಂದ ೬ ಎಂದರೆ ಸರಿಯಾಗಿ ಅರ್ಧ. ಅರ್ಧಕ್ಕಿಂತ ಕಡಿಮೆ ಹರಿದಿದ್ದರೆ ಸವರಿ ಬಿಡುವುದು, ಅರ್ಧವನ್ನು ಮೀರಿದ್ದರೆ ಹೊಲಿಯುವುದು ಎಂಬ ರೂಢಿ ಇದರಿಂದ ಬೆಳೆಯಿತು. ಇದು ರೂಢಿಯೇ ಹೊರತು ನಿಸರ್ಗನಿಯಮವಲ್ಲ ಎಂದು ನಮಗೆ ತೋರುವುದು. ಎಲೆ ಕೊಯ್ಯುವವನ ಐದು ಮಿಲಿಮೀಟರ್ ಹರಕೂ ಅಂಗಡಿಯಲ್ಲಿ ಕುಳಿತು ಲೆಕ್ಕ ಬರೆಯುವವನ ಏಳು ಮಿಲಿಮೀಟರ್ ಹರಕೂ ಅಳತೆಗೋಲಿನ ಮೇಲೆ ಮಾತ್ರ ಹೋಲಿಸತಕ್ಕವಲ್ಲ. ಅನುಭವಿಗಳಾದ ವೈದ್ಯರು ವಯಸ್ಸು, ಕಸುಬು, ಹರಕಿನ ಮೈ ಇವೆಲ್ಲವನ್ನೂ ತೂಗಿ ನೋಡುವರು. ಹೊರಮೈಯ ಹರಕನ್ನು ಅನೇಕರು ಬೇಗನೆ ಹೊಲಿಯುವರು.

ಹೊಲಿಯುವುದರಲ್ಲಿಯೂ ಎರಡು ಪಂಗಡಗಳಿವೆ. ಮೊದಲನೆಯವರು ಉಳಿದ ಒಳ್ಳೆಯ ನಾರುಗಳನ್ನು ಮುಟ್ಟದೆ, ಅವುಗಳ ನಡುವಿನಿಂದಲೇ ಒಂದು ಸಣ್ಣ ಲಂಗರನ್ನು ಮೂಳೆಗೆ ನೆಡುವರು. ಲಂಗರೆಂದರೆ ಟೈಟೇನಿಯಂ ಅಥವಾ ಪ್ಲಾಸ್ಟಿಕಿನ, ಕೆಲವು ಮಿಲಿಮೀಟರ್ ದಪ್ಪದ ತಿರುಪುಮೊಳೆ. ಅದರ ಕಣ್ಣಿನಲ್ಲಿ ಬಲವಾದ ಪಾಲಿಥೀನ್ ದಾರ ಪೋಣಿಸಿರುವುದು. ಆ ದಾರವನ್ನು ಕಿತ್ತುಬಂದ ಒಳಪದರದ ಮೂಲಕ ಹಾಯಿಸಿ, ಹೊರಮೈಯಲ್ಲಿ ಗಂಟುಹಾಕಿ, ಪದರವನ್ನು ಮೂಳೆಗೆ ಒತ್ತುವರು. ಎರಡನೆಯವರು, ಉಳಿದ ನಾರೂ ಹೇಗಿದ್ದರೂ ಸವೆದದ್ದೇ ಎಂದು ಬಗೆದು, ಅದನ್ನೂ ಬಿಡಿಸಿ ಅರೆಹರಕನ್ನು ಪೂರ್ತಿ ಹರಕಾಗಿ ಮಾಡಿ, ಒಳ್ಳೆಯ ಅಂಚು ಸಿಕ್ಕುವವರೆಗೆ ಸವರಿ, ಇಡೀ ಕಂಡರವನ್ನು ಮೂಳೆಗೆ ಹೊಲಿಯುವರು. ಇದ್ದುದನ್ನು ಕೆಡಿಸಿ ಕಟ್ಟುವ ಈ ಮಾರ್ಗ ಮೊದಲ ನೋಟಕ್ಕೆ ಒರಟೆನಿಸುವುದು. ಆದರೆ ಮೊದಲ ಮಾರ್ಗದಲ್ಲಿ ಒಳಪದರವನ್ನು ಬಿಗಿಯುವಾಗ ಹೊರಪದರವು ಸಡಿಲಾಗಿ ಸುಕ್ಕುಗಟ್ಟಿ, ಎರಡರ ಎಳೆತ ಅಸಮವಾಗಬಹುದು. ಉದ್ದ ಬೇರೆಬೇರೆಯಾದ ಎರಡು ಹಗ್ಗಗಳಿಂದ ಭಾರವನ್ನು ತೂಗಹಾಕಿದರೆ ಗಿಡ್ಡನೆಯದೇ ಎಲ್ಲ ಭಾರವನ್ನೂ ಹೊರುವುದಲ್ಲವೆ? ಎರಡೂ ಮಾರ್ಗಗಳನ್ನು ಹೋಲಿಸಿ ನೋಡಿದ ಅಧ್ಯಯನಗಳಲ್ಲಿ ಒಂದೆರಡು ವರ್ಷಗಳ ಬಳಿಕ ರೋಗಿಗಳ ಸ್ಥಿತಿ ಬಹುಮಟ್ಟಿಗೆ ಒಂದೇ ಆಗಿ ಕಂಡಿದೆ.

ಚಾವಣಿಯ ಮೂಳೆಯ ವಿಷಯ ಉಳಿಯಿತು. ಚಾರ್ಲ್ಸ್ ನೀರ್ ಎಂಬ ಅಮೆರಿಕದ ಶಸ್ತ್ರವೈದ್ಯನು ೧೯೭೨ರಲ್ಲಿ, ಆ ಮೂಳೆಯ ಮುಂದಣ ಅಂಚು ಕಂಡರವನ್ನು ಉಜ್ಜುವುದರಿಂದಲೇ ಸವೆತವಾಗುವುದೆಂದು ಹೇಳಿ, ಅಂಚನ್ನು ಕೆತ್ತಿ ತೆಗೆಯುವ ಕ್ರಮವನ್ನು ವಿವರಿಸಿದನು. ಯಂತ್ರಶಾಸ್ತ್ರದ ದೃಷ್ಟಿಗೆ ಎಷ್ಟು ಒಪ್ಪುವ ಮಾತು! ಬಾಗಿಲು ಹೊಸ್ತಿಲಿಗೆ ಉಜ್ಜಿದರೆ ಬಡಿಗನು ಹೊಸ್ತಿಲನ್ನು ಹೆರೆಯುವುದಿಲ್ಲವೆ? ಲೋಕದಾದ್ಯಂತ ಲಕ್ಷಾಂತರ ಹೆಗಲುಗಳಲ್ಲಿ ಈ ಮೂಳೆಯನ್ನು ಹೆರೆದರು. ೨೦೧೮ರಲ್ಲಿ ಬ್ರಿಟನ್ನಿನ ವೈದ್ಯರು ಒಂದು ಪರೀಕ್ಷೆಯ ಫಲಿತಾಂಶವನ್ನು ಪ್ರಕಟಿಸಿದರು. ಪೂರ್ತಿ ಹರಕಿಲ್ಲದ, ಆದರೆ ತಿಂಗಳುಗಟ್ಟಲೆ ನೋವಿದ್ದ ೩೧೩ ರೋಗಿಗಳನ್ನು ೩೨ ಆಸ್ಪತ್ರೆಗಳಿಂದ ಆರಿಸಿ, ಚೀಟಿಯೆತ್ತಿದಂತೆ ಮೂರು ಗುಂಪುಗಳಾಗಿ ವಿಂಗಡಿಸಿದ್ದರು. ಒಂದು ಗುಂಪಿಗೆ ಮೂಳೆಯನ್ನು ಹೆರೆದರು. ಇನ್ನೊಂದಕ್ಕೆ ದರ್ಶಕವನ್ನು ಹೊಗಿಸಿ ನೋಡಿ ಏನನ್ನೂ ಹೆರೆಯದೆ ಮುಚ್ಚಿದರು. ಮೂರನೆಯದಕ್ಕೆ ಶಸ್ತ್ರವನ್ನೇ ಮಾಡಲಿಲ್ಲ. ಮೊದಲೆರಡು ಗುಂಪುಗಳವರಿಗೆ ತಮಗಾದುದು ಯಾವುದೆಂದು ತಿಳಿಯದು. ಆರು ತಿಂಗಳ ಬಳಿಕ ನೋಡಿದರೆ ಹೆರೆದವರಿಗೂ ಹೆರೆಯದವರಿಗೂ ವ್ಯತ್ಯಾಸವೇ ಇರಲಿಲ್ಲ! ಶಸ್ತ್ರವಿಲ್ಲದವರಿಗಿಂತ ಅವರು ಸ್ವಲ್ಪ ಮೇಲಾಗಿದ್ದರು. ಆದರೆ ಆ ಅಂತರ ರೋಗಿಯ ಗಮನಕ್ಕೆ ಬರುವಷ್ಟು ದೊಡ್ಡದಲ್ಲ. ಅದೇ ವರ್ಷ ಫಿನ್‌ಲೆಂಡಿನ ಪರೀಕ್ಷೆಯೂ ಇದನ್ನೇ ಹೇಳಿತು. ಕಂಡರವನ್ನು ಹೊಲಿಯುವುದು ವ್ಯರ್ಥವೆಂದು ಈ ಪರೀಕ್ಷೆಗಳು ಹೇಳುವುದಿಲ್ಲವೆಂಬುದನ್ನು ಮರೆಯಬಾರದು. ಅವು ಪರೀಕ್ಷಿಸಿದುದು ಮೂಳೆ ಹೆರೆಯುವುದನ್ನು ಮಾತ್ರ.

ಕಾಡ್‌ಮನ್ನನು ಬದುಕಿದ್ದರೆ ಈ ಪರೀಕ್ಷೆಯನ್ನು ಮೆಚ್ಚುತ್ತಿದ್ದನು. ಪ್ರತಿಯೊಬ್ಬ ರೋಗಿಯನ್ನೂ ಶಸ್ತ್ರಕ್ರಿಯೆಯ ಬಳಿಕ ಹುಡುಕಿಕೊಂಡು ಹೋಗಿ, ಗುಣವಾಯಿತೇ ಇಲ್ಲವೇ, ಇಲ್ಲದಿದ್ದರೆ ಏಕೆ ಎಂದು ಬರೆದಿಡಬೇಕೆಂದು ಅವನು ಹಟಹಿಡಿದಿದ್ದನು. ಅದು ಸಹೋದ್ಯೋಗಿಗಳಿಗೆ ಹಿಡಿಸಲಿಲ್ಲ. ಅವನು ೧೯೧೪ರಲ್ಲಿ ಬಾಸ್ಟನ್ನಿನ ದೊಡ್ಡ ಆಸ್ಪತ್ರೆಯ ಕೆಲಸವನ್ನೇ ಬಿಡಬೇಕಾಯಿತು.

ಹೊಲಿಗೆಯ ಬಳಿಕ ನಡೆಯುವುದು ಶಸ್ತ್ರಕ್ರಿಯೆಗಿಂತ ಉದ್ದವಾದ ಕಥೆ. ದಾರವು ಕಂಡರವನ್ನು ಮೂಳೆಗೆ ಹಿಡಿದಿರುವುದೇ ಹೊರತು ಬೆಸೆಯುವುದಿಲ್ಲ. ಬೆಸೆಯಬೇಕಾದುದು ಜೀವಕೋಶಗಳು, ಅದಕ್ಕೆ ವಾರಗಳು ಬೇಕು. ಆದುದರಿಂದ ನಾಲ್ಕರಿಂದ ಆರು ವಾರ ಕೈಯನ್ನು ಜೋಳಿಗೆಯಲ್ಲಿ ಇಟ್ಟಿರಬೇಕು. ಆದರೆ ಕೀಲು ಬಿರುಸಾಗಲೂ ಬಾರದು. ಸ್ನಾಯುವನ್ನು ದುಡಿಸದೆ ಕೀಲನ್ನು ಮಾತ್ರ ಆಡಿಸುವ ಉಪಾಯವೊಂದು ಕಾಡ್‌ಮನ್ನನ ಹೆಸರಿನಲ್ಲಿಯೇ ಪ್ರಸಿದ್ಧವಾಗಿದೆ. ಸೊಂಟ ಬಾಗಿಸಿ, ತೋಳನ್ನು ನೆಲದತ್ತ ಸುಮ್ಮನೆ ಜೋಲುಬಿಟ್ಟು, ಮೈಯನ್ನು ಮೆಲ್ಲಗೆ ತೂಗಬೇಕು. ಜೋಲುವ ತೋಳಿನ ಭಾರವು ಕೀಲಿನ ಕೆಳಗೆ ನೇರವಾಗಿ ಇರುವುದರಿಂದ ತಿರುಗಿಸುವ ಬಲ ಸೊನ್ನೆ. ಸ್ನಾಯು ಎಳೆಯಬೇಕಾದ್ದೇ ಇಲ್ಲ. ತೋಳು ಲೋಲಕದಂತೆ ತೂಗುವುದು. ೭೦ ಸೆಂಟಿಮೀಟರ್ ಉದ್ದದ ಸಮಾನ ಸರಳೆಂದು ಎಣಿಸಿ ಲೆಕ್ಕ ಹಾಕಿದರೆ ಒಂದು ತೂಗಿಗೆ ಸುಮಾರು ೧.೪ ಸೆಕೆಂಡು ಬರುವುದು. ಗಡಿಯಾರ ಹಿಡಿದು ವಾಚಕರು ತಮ್ಮ ತೋಳಿನಲ್ಲಿಯೇ ಪರೀಕ್ಷಿಸಬಹುದು. ತಾನಾಗಿ ಕೈಯೆತ್ತುವುದು ಆರು ವಾರಗಳ ಬಳಿಕ, ಬಲದ ವ್ಯಾಯಾಮ ಸುಮಾರು ಮೂರು ತಿಂಗಳಿಗೆ, ಭಾರದ ಕೆಲಸ ಆರು ತಿಂಗಳ ಹತ್ತಿರಕ್ಕೆ. ಬರೀ ಸವರಿದ್ದಾದರೆ ಇಷ್ಟು ಕಾಲ ಬೇಡ. ಕೆಲವೇ ದಿನಗಳಲ್ಲಿ ಜೋಳಿಗೆ ತೆಗೆಯಬಹುದು.

ನಮ್ಮ ನಾಡಿನ ಅನಿಲ್ ಕುಂಬ್ಳೆಯವರು ೨೦೦೧ರಲ್ಲಿ ಆಸ್ಟ್ರೇಲಿಯದ ತಂಡವು ಇಲ್ಲಿಗೆ ಬಂದಾಗ ಹೆಗಲಿನ ದೆಸೆಯಿಂದ ಆಡಲಾಗಲಿಲ್ಲ. ಶಸ್ತ್ರಕ್ರಿಯೆ ಮಾಡಿಸಿಕೊಂಡು, ತಿಂಗಳುಗಟ್ಟಲೆ ವ್ಯಾಯಾಮದಿಂದ ಹೆಗಲನ್ನು ಕಟ್ಟಿ ಮರಳಿದ ಅವರು, ೨೦೦೮ರಲ್ಲಿ ನಿವೃತ್ತರಾಗುವಾಗ ಟೆಸ್ಟ್ ಪಂದ್ಯಗಳಲ್ಲಿ ೬೧೯ ವಿಕೆಟುಗಳನ್ನು ಪಡೆದಿದ್ದರು. ಹಿರೇಕೆರೂರಿನ ಹಮಾಲನಿಗೆ ಅಷ್ಟು ತಿಂಗಳ ಬಿಡುವು ಎಲ್ಲಿಂದ ಬರಬೇಕು? ಅವನ ಕೂಲಿ ಚೀಲದ ಲೆಕ್ಕ. ಚೀಲ ಎತ್ತದ ದಿನ ಕೂಲಿಯಿಲ್ಲ. ಹೊಲಿಗೆಯ ನಂತರ ನಾಲ್ಕನೆಯ ವಾರದಲ್ಲಿ ನೋವು ತಗ್ಗಿದೆಯೆಂದು ಅವನು ಕೆಲಸಕ್ಕಿಳಿದರೆ ದಾರ ಕಂಡರವನ್ನು ಕೊಯ್ದುಕೊಂಡು ಹೊರಬರುವುದು. ಆದುದರಿಂದ ಹೊಲಿಯಬೇಕೆ ಸವರಬೇಕೆ ಎಂಬುದನ್ನು ನಿಶ್ಚಯಿಸುವಾಗ ಮಿಲಿಮೀಟರುಗಳ ಜೊತೆಗೆ ಈ ತಿಂಗಳುಗಳೂ ಲೆಕ್ಕಕ್ಕೆ ಬರಬೇಕು. ಮಾವಿನ ಕೊಯ್ಲಿನವನು ಜೂನ್ ಕಳೆದ ಮೇಲೆ, ಮೆಕ್ಕೆಜೋಳದ ಹಮಾಲನು ಸುಗ್ಗಿಯ ವ್ಯಾಪಾರ ಮುಗಿದ ಮೇಲೆ ಶಸ್ತ್ರಕ್ರಿಯೆಯನ್ನು ಇಟ್ಟುಕೊಂಡರೆ, ಸವೆತದ ಅರೆಹರಕಿನಲ್ಲಿ ಕೆಲವು ತಿಂಗಳ ಆ ತಡದಿಂದ ಸಾಮಾನ್ಯವಾಗಿ ಹೆಚ್ಚು ಕೆಡಕಾಗದು. ಎಲೆಯ ಕೊಯ್ಲಿಗೆ ಮಾತ್ರ ಹಂಗಾಮೆಂಬುದಿಲ್ಲ. ವರ್ಷವಿಡೀ ಇರುವ ಕೆಲಸ ಅದು.

ಅಂಥವನು ಮತ್ತೆ ತೋಟಕ್ಕೆ ಹೋದಾಗ ಏಣಿಯ ಮೇಲೆ ಎರಡು ಮೆಟ್ಟಿಲು ಹೆಚ್ಚಾಗಿ ಏರಿ ನಿಲ್ಲುವಂತೆ ವ್ಯಾಯಾಮ ಕಲಿಸುವವರು ಹೇಳುವರು. ಎಲೆಗಳು ಎದೆಯ ಮಟ್ಟಕ್ಕೆ ಬರುವುವು, ಮೊಣಕೈ ಮಡಿಸಿ ಮೈಗೆ ಹತ್ತಿರದಲ್ಲಿಯೇ ಕೊಯ್ಯಬಹುದು. ಎರಡು ಕಿಲೋಗ್ರಾಮಿನ ಕಟ್ಟು ಕೀಲಿನಿಂದ ೬೦ ಸೆಂಟಿಮೀಟರ್ ಬದಲು ೨೦ ಸೆಂಟಿಮೀಟರ್ ದೂರದಲ್ಲಿದ್ದರೆ, ಅದಕ್ಕಾಗಿ ಹೆಗಲು ಎಳೆಯಬೇಕಾದುದು ನಲವತ್ತು ಕಿಲೋಗ್ರಾಮಿನಿಂದ ಹದಿಮೂರಕ್ಕೆ ಇಳಿಯುವುದು.